ಹಸಿ ಸಾಬಾಣ

ಹಿತ್ತಲಲ್ಲಿ ಬಲಿತ ಕಾಯಿ ಕಂಡರೆ ನಮ್ಮ ಅತ್ತೆಗೆ ಆಗುವುದಿಲ್ಲ. ಬೆಂಡೆಕಾಯಿ ಬೆರಳುದ್ದ ಆಗುವಷ್ಟರಲ್ಲಿ ಹರಿದುಬಿಡಬೇಕು. ಹೀರೆಕಾಯಿಯ ಏಣು ಗಟ್ಟಿಯಾಗಬಾರದು. ಮೆಂತ್ಯದ ಮಡಿಯಲ್ಲಿ ಒಂದು ಹೂ ಕಂಡರೂ ಆ ಮಡಿ ಇನ್ನು ಆಕಳಿಗೆ. ಒಲೆಯ ಮೇಲೆ ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟು, ಆಮೇಲೆ ಬುಟ್ಟಿ ಹಿಡಿದು ಹಿತ್ತಲಿಗೆ ಹೋಗುವ ಹೆಂಗಸು ಅವರು. ಮನೆಗೆ ಬೀಗರು ಬಂದರಂತೂ ಕೇಳಲೇಬೇಡಿ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆಯೇ ಬದನೆಕಾಯಿ ಗಿಡದಿಂದ ಇಳಿಯಬೇಕು. ಬೆಳಿಗ್ಗೆ ಹರಿದಿಟ್ಟದ್ದನ್ನು ಬೀಗರಿಗೆ ಬಡಿಸುವುದೆಂದರೆ ಅವರ ಲೆಕ್ಕದಲ್ಲಿ ಹಳಸಿದ್ದನ್ನು ಬಡಿಸಿದ ಹಾಗೆ.

ನಾನು ಸಂಕೇಶ್ವರದವಳು. ವಾರದ ಸಂತೆಯಲ್ಲಿ ತಂದ ಕಾಯಿಪಲ್ಲೆಯನ್ನು ವಾರವಿಡೀ ತಿಂದು ಬೆಳೆದವಳು. ನಾಗನೂರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ಈ ಮಾತನ್ನು ಬಾಯಿತಪ್ಪಿ ಹೇಳಿದ್ದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪಾಪ, ಹೆಂಗ ಬದುಕಿದಿ ಯವ್ವಾ?" ಎಂದಿದ್ದರು. ಅದು ಕನಿಕರವೋ ಕುಚೋದ್ಯವೋ ಇವತ್ತಿಗೂ ತಿಳಿದಿಲ್ಲ.

ಸಾಬಾಣ ಮಾಡುವ ಹುಚ್ಚು ನನಗೆ ಹತ್ತಿದ್ದು ತೀರ ಈಚೆಗೆ, ಮಗಳು ದೊಡ್ಡವಳಾದ ಮೇಲೆ. ಸಾಬೂನು ಎಂದು ಬರೆಯಬೇಕೇನೋ, ಆದರೆ ಮನೆಯಲ್ಲಿ ಮಾಡಿದ್ದಕ್ಕೆ ಆ ಹೆಸರು ಹೊಂದುವುದಿಲ್ಲ. ಗೋಕಾಕದಲ್ಲಿ ಹೆಂಗಸರ ಸಂಘವೊಂದು ಬಟ್ಟೆ ಒಗೆಯುವ ಸಾಬಾಣ ಮಾಡುವುದನ್ನು ಕಲಿಸಿತ್ತು. ಜೊತೆಗೆ ಕಲಿತವರೆಲ್ಲ ಒಂದೆರಡು ಸಲ ಮಾಡಿ ಕೈಬಿಟ್ಟರು. ನಾನು ಹಟದವಳು, ಬಿಡಲಿಲ್ಲ. ಹಿತ್ತಲ ಮೂಲೆಯಲ್ಲಿ ಕುಳಿತು, ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿದರೆ, ಕೆಳಗೆ ಬೆಂಕಿಯಿಲ್ಲದೆಯೇ ಆ ನೀರು ಕಾಯುತ್ತದೆ. ಅದು ಆರಿದ ಮೇಲೆ ಹೊಂಗೆ ಎಣ್ಣೆಯನ್ನೂ ಕೊಬ್ಬರಿ ಎಣ್ಣೆಯನ್ನೂ ಹಬ್ಬದಲ್ಲಿ ಕರಿದು ಉಳಿದ ಎಣ್ಣೆಯನ್ನೂ ಸುರಿದು, ಕಡಲೆಹಿಟ್ಟಿನ ಝುಣಕದ ಹದಕ್ಕೆ ಬರುವವರೆಗೆ ಕಟ್ಟಿಗೆಯಿಂದ ತಿರುವಬೇಕು. ತಗಡಿನ ತಟ್ಟೆಗೆ ಹೊಯ್ದರೆ ಮರುದಿನ ಗಟ್ಟಿಯಾಗುತ್ತದೆ. ನೋಡಲು ಥೇಟ್ ಅಂಗಡಿಯ ಸಾಬಾಣವೇ. ಆದರೆ ಆಗಲೇ ಮುಟ್ಟುವಂತಿಲ್ಲ. ಕಾಸ್ಟಿಕ್ಕಿನ ಉರಿ ಇನ್ನೂ ಒಳಗಿರುತ್ತದೆ, ಕೈಯ ಚರ್ಮವನ್ನೇ ಕಚ್ಚುತ್ತದೆ. ತುಂಡು ಮಾಡಿ ಒಂದು ತಿಂಗಳು ಸೂರಿನ ಕೆಳಗಿನ ನಾಗೊಂದಿಗೆಯ ಹಲಗೆಯ ಮೇಲೆ, ಗಾಳಿಯಾಡುವಂತೆ ಬಿಟ್ಟು ಮಾಗಿಸಬೇಕು. ಆಗ ಅದು ಸಾಬಾಣ.

ಅತ್ತೆಗೆ ಈ ಮಾಗಿಸುವ ಮಾತೇ ನಗೆಪಾಟಲು. "ಸಾಬಾಣ ಏನ ಉಪ್ಪಿನಕಾಯೇನ, ಇಟ್ಟ ಇಟ್ಟ ನೋಡಾಕ?" ಎನ್ನುವರು. ತಮ್ಮ ಸೀರೆಗಳಿಗೆ ಅಂಗಡಿಯ ಸಾಬಾಣವನ್ನೇ ತರಿಸಿಕೊಂಡು ಬೇರೆಯೇ ಒಗೆಯುವರು. ಅದಕ್ಕಿಂತ ಹೆಚ್ಚಾಗಿ, ನಾನು ಒಗೆದ ನೀರಿನ ಒಂದು ಹನಿಯೂ ಅವರ ಕಾಯಿಪಲ್ಲೆಯ ಮಡಿಗಳಿಗೆ ಹೋಗಬಾರದು. ನಮ್ಮ ಹೊಲದ ತಗ್ಗಿನ ತುಂಡು ಕಾಲುವೆಯ ನೀರು ನಿಂತೂ ನಿಂತೂ ಸವಳಾಗಿದೆ. ಬೇಸಿಗೆಯಲ್ಲಿ ಅಲ್ಲಿ ನೆಲ ಉಪ್ಪು ಉಗುಳಿ ಬೆಳ್ಳಗಾಗುತ್ತದೆ, ಹುಲ್ಲೂ ಹುಟ್ಟುವುದಿಲ್ಲ. ಅದನ್ನು ಕಣ್ಣಾರೆ ಕಂಡವರಿಗೆ ಸೋಡಾ ನೀರೆಂದರೆ ಭಯ ಇರುವುದೇ. "ಹೊಲ ಹ್ವಾದದ್ದ ಸಾಕ. ಈ ಹಿತ್ತಲಾನೂ ಸವಳ ಮಾಡಬ್ಯಾಡ" ಎಂದು ಹೇಳಿ, ತಾವೇ ಗುದ್ದಲಿ ಹಿಡಿದು ಬಟ್ಟೆ ಒಗೆಯುವ ಕಲ್ಲಿನಿಂದ ಬೀದಿಯ ಗಟಾರದವರೆಗೆ ಸಣ್ಣ ಕಾಲುವೆ ತೆಗೆದರು. ಅವರ ಮಾತು ಸರಿ ಎಂದು ನನಗೂ ಗೊತ್ತಿತ್ತು. ಆದರೂ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಮಾತು ತಪ್ಪಾಗಿರಬೇಕೆಂದೇನೂ ಇಲ್ಲ.

ನನಗೆ ಬೇಕಾಗಿದ್ದು ಬಹಳ ಸಣ್ಣದು. ಒಂದೇ ಒಂದು ಸಲ ಅತ್ತೆ ನನ್ನ ಸಾಬಾಣವನ್ನು ಕೈಯಲ್ಲಿ ಹಿಡಿದು, ತಮ್ಮದೊಂದು ಸೀರೆಗೆ ಉಜ್ಜಿ, ಛಲೋ ಐತಿ ಎನ್ನಬೇಕಿತ್ತು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಅನ್ನುತ್ತಿದ್ದರು, ಆದರೆ ಅವರು ಉಪ್ಪಿಲ್ಲದ ಸಾರಿಗೂ ಹಾಗೆಯೇ ಅನ್ನುತ್ತಾರೆ. ಅತ್ತೆ ಸುಮ್ಮನೆ ಹೊಗಳುವವರಲ್ಲ. ಆದ್ದರಿಂದಲೇ ಅವರ ಮಾತಿಗೆ ನಾನು ಅಷ್ಟು ಬಾಯಿಬಿಡುತ್ತಿದ್ದೆ.

ಅತ್ತೆಯ ಬಳಿ ಒಂದು ಕರಿ ಕಂಬಳಿ ಇತ್ತು. ನಾವು ಹಾಲುಮತದವರು, ಕುರಿ ಕಾಯ್ದ ಮನೆತನ. ಈಗ ಊರ ಸುತ್ತ ಎಲ್ಲಿ ನೋಡಿದರೂ ಕಬ್ಬು, ಮೇಯಿಸಲು ಬೀಳು ಉಳಿದಿಲ್ಲ. ಮಾವ ಇದ್ದಾಗಲೇ ಹಿಂಡು ಮಾರಿ ಆಗಿತ್ತು. ಆದರೆ ಈ ಕಂಬಳಿ ಅದಕ್ಕೂ ಹಿಂದಿನದು. ಅತ್ತೆ ಮದುವೆಗೆ ಮುಂಚೆ ತವರಿನಲ್ಲಿ ತಾವೇ ಸಾಕಿದ ಕುರಿಗಳ ಉಣ್ಣೆಯನ್ನು ತಾವೇ ನೂತು ನೇಯಿಸಿಕೊಂಡು ತಂದದ್ದು. ನನ್ನ ಗಂಡ ಹುಟ್ಟಿದಾಗ ಸುತ್ತಿದ್ದು ಅದರಲ್ಲಿ, ನನ್ನ ಮಗಳನ್ನು ಮಲಗಿಸಿದ್ದು ಅದರ ಮೇಲೆ. ನಮ್ಮಲ್ಲಿ ಕಂಬಳಿಗೆ ಮೈಲಿಗೆ ಎಂಬುದಿಲ್ಲ. ಅದನ್ನು ಒಗೆಯುವ ಪದ್ಧತಿಯೂ ಇಲ್ಲ. ಬಿಸಿಲಿಗೆ ಹಾಕಿ, ಝಾಡಿಸಿ, ಮಡಚಿ ಇಡುವುದಷ್ಟೇ.

ಮದುವೆಯ ಹೆಣ್ಣನ್ನು ಕಂಬಳಿಯ ಮೇಲೆ ಕೂರಿಸಿ ಅರಿಷಿಣ ಹಚ್ಚುವುದು ನಮ್ಮ ಮನೆಯ ಪದ್ಧತಿ. ಮಗಳಿಗೆ ಹುಕ್ಕೇರಿಯ ಸಂಬಂಧ ಕೂಡಿಬಂದ ದಿನವೇ ಅತ್ತೆ ಪೆಟ್ಟಿಗೆಯಿಂದ ಕಂಬಳಿ ತೆಗೆದು ಹೊಸ್ತಿಲ ಬಳಿ ಹರಡಿ ಕುಳಿತರು. "ಈ ಮುದುಕಿ ಹತ್ರ ಬಂಗಾರಿಲ್ಲ. ಆಕಿಗೆ ನಂದಂತ ಇದೊಂದ ಐತಿ. ಇದರ ಮ್ಯಾಲ ಕುಂದರಸಿ, ಇದನ್ನ ಕೊಟ್ಟ ಕಳಿಸ್ತೇನಿ" ಎಂದರು. ಆಗ ಅವರ ಮುಖದಲ್ಲಿ ಕಂಡ ಗತ್ತನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮದುವೆಗೆ ವಾರವಿದ್ದಾಗ ಮನೆಯವರೂ ನಾನೂ ಜವಳಿ ತರಲು ಗೋಕಾಕಕ್ಕೆ ಹೋದೆವು. ಹಿಂದಿನ ದಿನವಷ್ಟೇ ನಾನು ಒಂದು ದೊಡ್ಡ ತಟ್ಟೆಗೆ ಸಾಬಾಣ ಹೊಯ್ದಿದ್ದೆ. ಮಾಗಿದ್ದೆಲ್ಲ ಮದುವೆಯ ರಾಶಿ ಬಟ್ಟೆಗೆ ಮುಗಿದುಹೋಗುತ್ತದೆ, ಮುಂದಿನ ತಿಂಗಳಿಗೆ ಬೇಕಾಗುತ್ತದೆ ಎಂದು ನನ್ನ ಲೆಕ್ಕ. ಸಂಜೆ ಅಡುಗೆಯವರನ್ನು ಗೊತ್ತುಮಾಡಲು ಮನೆಯವರು ಅಲ್ಲೇ ಉಳಿದರು. ನಾನೊಬ್ಬಳೇ ಬಂದು ಕೈಕಾಲು ತೊಳೆದು ನೋಡಿದರೆ, ತಟ್ಟೆಯ ಒಂದು ಸಾಲು ಇಲ್ಲ. ಇಲಿಯ ಕೆಲಸವಲ್ಲ, ಯಾರೋ ಈಳಿಗೆಯಿಂದ ನೀಟಾಗಿ ಕೊಯ್ದಿದ್ದರು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ.

ನನಗಾದ ಖುಷಿಯನ್ನು ಹೇಗೆ ಹೇಳಲಿ! ಅತ್ತೆ ನನ್ನ ಸಾಬಾಣ ತೆಗೆದುಕೊಂಡಿದ್ದಾರೆ. ಕೇಳದೆ, ಕದ್ದು! ಹೊಸ ಸೀರೆಯ ಗಂಟನ್ನು ಅಲ್ಲೇ ಬಿಟ್ಟು ನಗುತ್ತಲೇ ಹಿತ್ತಲಿಗೆ ಓಡಿದೆ. ಏನಂದು ಕಾಡಬೇಕೆಂದು ಮಾತನ್ನೂ ಕೂಡಿಸಿಕೊಂಡಿದ್ದೆ.

ಹಿತ್ತಲಲ್ಲಿ ಕೂದಲು ಸುಟ್ಟಂಥ ಕಮಟು ವಾಸನೆ ತುಂಬಿತ್ತು. ನೀರು ಕಾಯಿಸುವ ಹಂಡೆಯ ಕೆಳಗೆ ಬೆಂಕಿ ಆರಿತ್ತು. ಅತ್ತೆ ಒಗೆಯುವ ಕಲ್ಲಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಕಾಲ ಬಳಿ ಕರಿ ಲೋಳೆಯಂಥ ಏನೋ ಒಂದು ರಾಶಿ ಬಿದ್ದಿತ್ತು.

"ಅತ್ತೀ, ಏನಾತ್ರಿ?"

"ಕೈಯಾಗ ಬರವಲ್ಲದ" ಎಂದರು. "ಹಿಡದಲ್ಲಿ ಹರೀತೈತಿ."

ಹಂಡೆಯಲ್ಲಿ ನೀರು ಕುದಿಸಿ, ಹಸಿ ಸಾಬಾಣ ಹೆರೆದು ಹಾಕಿ, ಕಂಬಳಿಯನ್ನು ಅದರಲ್ಲಿ ಮುಳುಗಿಸಿ ಬೆಳಗಿನಿಂದ ಬಿಟ್ಟಿದ್ದರು. ಹಿಂದೆ ಅರಿವೆಗಳನ್ನು ಹೀಗೆ ಕುದಿಸಿ ಒಗೆಯುತ್ತಿದ್ದರಂತೆ. ನೂಲಿನ ಬಟ್ಟೆ ತಡೆದುಕೊಳ್ಳುತ್ತದೆ. ಉಣ್ಣೆ ತಡೆಯುವುದಿಲ್ಲ, ಕಾಸ್ಟಿಕ್ ಅದನ್ನು ಕರಗಿಸಿಬಿಡುತ್ತದೆ. ಇದನ್ನು ಸಂಘದ ತರಬೇತಿಯಲ್ಲಿ ನನಗೆ ಹೇಳಿದ್ದರು, ನಾನು ಅತ್ತೆಗೆ ಹೇಳಿರಲಿಲ್ಲ. ಕಂಬಳಿ ಒಗೆಯುವ ಯೋಚನೆ ನಮ್ಮ ಮನೆಯಲ್ಲಿ ಯಾರಿಗಾದರೂ ಬಂದೀತೆಂದು ಯಾರಿಗೆ ಗೊತ್ತಿತ್ತು?

ನನ್ನ ಬಾಯಿ ಸುಮ್ಮನಿರುವುದಲ್ಲ. "ಹಸೀ ಸಾಬಾಣ ಮುಟ್ಟಬಾರದಂತ ಎಷ್ಟ ಸಲ ಬಡಕೊಂಡೇನ್ರಿ! ನಾಗೊಂದಿಗಿ ಮ್ಯಾಲ ಮಾಗಿದ್ದ ಅಷ್ಟ ಇದ್ದುವಲ್ಲ, ಅವನ್ನರ ತೊಗೋಬೇಕಿಲ್ಲ?" ಎಂದು ಕೂಗಿದೆ.

"ಅವು ಹಳೇವು" ಎಂದರು ಅತ್ತೆ. ಸಣ್ಣ ದನಿ. "ಹುಡುಗಿ ಲಗ್ನದ ಕಂಬಳಿಗೆ ಹಳೇ ಸಾಬಾಣ ಹಚ್ಚೂದೇನಂತ ತಾಜಾದ್ದ ತೊಗೊಂಡೆ."

ಬೀಗರು ಬಂದ ಮೇಲೆ ಬದನೆಕಾಯಿ ಹರಿಯುವ ಹೆಂಗಸು, ತಮ್ಮ ಮೊಮ್ಮಗಳ ಕಂಬಳಿಗೆ ಇನ್ನೇನು ಹಚ್ಚಿಯಾರು? ತಮಗೆ ಗೊತ್ತಿದ್ದ ಅತ್ಯಂತ ದೊಡ್ಡ ಮರ್ಯಾದೆಯನ್ನೇ ಅವರು ನನ್ನ ಸಾಬಾಣಕ್ಕೆ ಕೊಟ್ಟಿದ್ದರು. ಅದು ಕಂಬಳಿಯನ್ನು ತಿಂದುಹಾಕಿತ್ತು.

ಆಗ ಅವರ ಕೈ ಕಂಡಿತು. ಅಂಗೈ, ಬೆರಳ ಸಂದು ಎಲ್ಲ ಕೆಂಪಗೆ ಬೆಂದಿದ್ದವು. ಎಳೆದುಕೊಂಡು ಹೋಗಿ ಕೊಡದಿಂದ ತಣ್ಣೀರು ಸುರಿದೆ, ಮತ್ತೆ ಮತ್ತೆ ಸುರಿದೆ. ಸುರಿಯುತ್ತಲೇ ಕೇಳಿದೆ, "ಕಂಬಳಿ ಒಗ್ಯೂದಿಲ್ಲಂತ ನೀವ ಹೇಳ್ತಿದ್ರಿ. ಯಾಕ ಒಗ್ಯಾಕ ಹೋದ್ರಿ?"

ಅವರು ಕೈಯನ್ನು ನೀರಿನ ಕೆಳಗೆ ತಿರುವಿ ಹಿಡಿದರು. ಆಮೇಲೆ ಅಂದರು: "ದೀಪಾವಳಿಗೆ ಬಂದಾಗ ಹುಡುಗಿ ಅಂದ್ಲು, ಆಯಿ, ನಿನ್ನ ಕಂಬಳಿ ಕುರಿ ವಾಸನಿ ಬರ್ತೈತಿ ಅಂತ. ನಕ್ಕೋತನ ಅಂದ್ಲು. ಆದರೂ ಅಂದ್ಲಲ್ಲ. ಹುಕ್ಕೇರಿ ಮಂದಿ ಮುಂದ ನನ್ನ ಕಂಬಳಿ ಮ್ಯಾಲ ಕುಂತ ಆಕಿ ಮೂಗ ಮುಚಗೋಬಾರದ ನೋಡು."

ಮಗಳು ಆಡಿದ್ದು ನನಗೂ ನೆನಪಿತ್ತು. ಪೆಟ್ಟಿಗೆಯಿಂದ ಏನೋ ತೆಗೆಯುತ್ತ, ಮೂಗು ಸೊಟ್ಟ ಮಾಡಿ, ಅಜ್ಜಿಯನ್ನು ಕಾಡಲೆಂದೇ ಆಡಿದ ಮಾತು. ನಿಡಸೋಸಿಯಲ್ಲಿ ಓದು ಮುಗಿಸಿ ಸಂಕೇಶ್ವರದಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗಿ, ನನ್ನ ತವರುಮನೆಯಲ್ಲೇ ಇದ್ದು ವಾರಕ್ಕೊಮ್ಮೆ ಬರುತ್ತಿದ್ದಳು. ಆಡಿ ಮರೆತೂ ಬಿಟ್ಟಿದ್ದಳು. ಅವಳು ಇದನ್ನು ಓದಿದರೆ ಓದಲಿ. ಈಗ ಅವಳಿಗೂ ಒಂದು ಸಂಸಾರವಿದೆ, ತಡೆದುಕೊಳ್ಳುತ್ತಾಳೆ. ಅತ್ತೆಗೆ ಓದು ಬಾರದು, ನಾನು ಬರೆದದ್ದು ಅವರಿಗೆ ತಿಳಿಯುವುದಿಲ್ಲ.

ಆ ರಾಶಿಯನ್ನು ಏನು ಮಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಗಟಾರಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ, ಹಿತ್ತಲಲ್ಲಿ ಹೂಳಲು ಅವರಿಗೆ ಮನಸ್ಸಿಲ್ಲ. ಕೊನೆಗೆ ಮಂಕರಿಯಲ್ಲಿ ತುಂಬಿ, ಹೊಲದ ಸವಳು ತುಂಡಿನಲ್ಲಿ ಗುಂಡಿ ತೋಡಿ ಹಾಕಿ ಬಂದೆವು. ಬರುವಾಗ ಅತ್ತೆ ನನ್ನ ಮೊಣಕೈ ಹಿಡಿದು ನಡೆದರು. ಅವರು ಯಾರ ಕೈಯನ್ನೂ ಹಿಡಿದು ನಡೆಯುವವರಲ್ಲ.

ವಾರದ ಕೊನೆಗೆ ಮಗಳು ಬಂದಳು. ಚಹ ಕುಡಿಯುವ ಮೊದಲೇ, "ಅವ್ವಾ, ಆಯಿ ಕಂಬಳಿ ಎಲ್ಲಿ? ಬಿಸಲಿಗೆ ಹಾಕೂನು" ಎಂದಳು. ಅತ್ತೆ ಬಾಗಿಲ ಬಳಿ ರಾಜಗಿರಿ ಸೊಪ್ಪು ಸೋಸುತ್ತಿದ್ದರು. ಅವರ ಕೈ ನಿಂತಿತು, ಮುಖ ಇಳಿಯಿತು. ಬಾಯಿ ತೆರೆಯುತ್ತಾರೆ ಎಂದು ನನಗೆ ಗೊತ್ತಾಯಿತು. ಅವರು ಒಗೆದೆ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂಬುದಕ್ಕೆ ಉತ್ತರ ಹೇಳಿದರೆ, ಮದುವೆಯ ಹುಡುಗಿ ಜನ್ಮವಿಡೀ ಆ ಒಂದು ಮಾತನ್ನು ಹೊತ್ತು ತಿರುಗಬೇಕು.

"ನಾನ ಒಗದೆ" ಎಂದೆ. "ಸಾಬಾಣ ಹಸೀದಿತ್ತು. ಹಾಳಾಗಿ ಹೋತು."

ಮಗಳು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಅತ್ತಳು. "ನಿನ್ನ ಸಾಬಾಣದ ಹುಚ್ಚು ಎಲ್ಲಿಗೆ ಬಂತ ನೋಡವ್ವಾ! ಒಗ್ಯಾಕ ಮನ್ಯಾಗ ಬ್ಯಾರೆ ಏನೂ ಸಿಗಲಿಲ್ಲೇನ ನಿನಗ?" ಎಂದಳು. ನಾನು ಸುಮ್ಮನೆ ಕೇಳಿಸಿಕೊಂಡೆ. ನನ್ನನ್ನು ಬಲ್ಲವರಿಗೆ ಅದು ಎಷ್ಟು ಕಷ್ಟದ ಕೆಲಸವೆಂದು ಗೊತ್ತಿದೆ. ಮನೆಯವರು ಚಹ ಅರ್ಧಕ್ಕೆ ಬಿಟ್ಟು ಎದ್ದು ಹೊರಗೆ ಹೋದರು, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸುದ್ದಿ ಊರೆಲ್ಲ ಆಯಿತು, ಮೂಡಲಗಿಯ ನೆಂಟರ ಮನೆಯವರೆಗೂ ಹೋಯಿತು. ಬಾಜೂ ಮನೆಯವಳು ನಾನು ಪ್ರೀತಿಯಿಂದ ಕೊಟ್ಟಿದ್ದ ಸಾಬಾಣವನ್ನು ವಾಪಸ್ ತಂದು ಕಟ್ಟೆಯ ಮೇಲಿಟ್ಟು, "ನಮ್ಮ ಮನ್ಯಾಗೂ ಕಂಬಳಿ ಅದಾವವ್ವಾ" ಎಂದು ಹೋದಳು.

ಅವಳು ಬಂದುಹೋದ ದಿನ, ನಾನು ಒಬ್ಬಳೇ ಇದ್ದಾಗ ಅತ್ತೆ ಅಡುಗೆಮನೆಗೆ ಬಂದರು. "ಹೇಳಿಬಿಡ್ತೇನಿ ನಾ. ನೀ ಯಾಕ ಬೈಸಿಕೋಬೇಕ?"

"ಹೇಳಬ್ಯಾಡ್ರಿ. ಯಾಕ ಒಗದಿ ಅಂತ ಕೇಳತಾಳ. ಏನಂತೀರಿ?"

ಅವರು ಬೆಂದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೋದರು.

ಅರಿಷಿಣದ ದಿನ ಹೆಂಗಸರಿಂದ ಮನೆ ತುಂಬಿತ್ತು. ಹುಕ್ಕೇರಿಯಿಂದಲೂ ನಾಲ್ಕಾರು ಜನ ಬಂದಿದ್ದರು. ಮೂಡಲಗಿಯಿಂದ ಮನೆಯವರ ಸೋದರತ್ತೆ ತಮ್ಮದೊಂದು ಕಂಬಳಿ ತಂದಿದ್ದರು. ಹೊಸದು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದನ್ನು ಹಾಸುವಾಗ ಎಲ್ಲರಿಗೂ ಕೇಳುವಂತೆ, "ಇದನ್ನರ ದೂರ ಇಡ್ರೆವಾ ಆಕಿ ಸಾಬಾಣದಿಂದ!" ಎಂದರು. ಎಲ್ಲರೂ ನಕ್ಕರು. ಬೀಗರ ಮುಂದೆ ನಾನೂ ಹಲ್ಲು ಕಿರಿದೆ.

ಮೊದಲ ಅರಿಷಿಣ ಹಚ್ಚಬೇಕಾದವರು ಅತ್ತೆ. ಬಟ್ಟಲಿಗೆ ಕೈ ಚಾಚಿದಾಗ ಸೋದರತ್ತೆಗೆ ಅವರ ಅಂಗೈ ಕಂಡಿತು. ಚರ್ಮ ಸುಲಿದು ಎದ್ದಿತ್ತು. "ಅಯ್ಯ, ಕೈಗೇನಾತ ಬೇ?"

ಮನೆಯಲ್ಲಿ ಹೇಳಿದ್ದ ಹಾಗೆ ಒಲೆ ತಾಗಿತು ಎಂದರೆ ಮುಗಿದಿತ್ತು. ಅತ್ತೆ ಒಮ್ಮೆ ನನ್ನನ್ನು ನೋಡಿದರು. ನಾನು ಬೇಡ ಎಂದು ಕಣ್ಣಲ್ಲೇ ಗದರಿದೆ. ಅವರು ಲೆಕ್ಕಿಸಲಿಲ್ಲ.

"ಸಾಬಾಣ ಕಚ್ಚೈತಿ" ಎಂದರು. "ಕಂಬಳಿ ಒಗದಾಕಿ ನಾನು, ಈಕಿ ಅಲ್ಲ. ಮಾಗಿದ್ದ ಬಿಟ್ಟ ಹಸೀದ ತೊಗೊಂಡಾಕೀನೂ ನಾನ. ಈಕಿ ಸಾಬಾಣಕ್ಕ ಯಾರೂ ಏನೂ ಅನಬ್ಯಾಡ್ರಿ. ಅದು ಛಲೋ ಐತಿ."

ಇಷ್ಟು ದಿನ ನಾನು ಕೇಳಬೇಕೆಂದು ಕಾದ ಮಾತು ಅದು. ಕೇಳಿದಾಗ ಒಂದಿಷ್ಟೂ ಸಂತೋಷವಾಗಲಿಲ್ಲ. ಏಕೆಂದರೆ ಮಗಳು ಅಷ್ಟರಲ್ಲಿ ತಲೆ ಎತ್ತಿ ಅಜ್ಜಿಯನ್ನೇ ನೋಡುತ್ತಿದ್ದಳು. "ನೀ ಒಗದ್ಯಾ ಆಯಿ? ಯಾಕ?"

ನಾನು ಮಾತು ತಿರುಗಿಸಲೆಂದು ಅರಿಷಿಣದ ಬಟ್ಟಲನ್ನು ಮುಂದಕ್ಕೆ ಸರಿಸಿದೆ.

"ಬೆಳ್ಳಗ ಆಕ್ಕೈತೇನಂತ ನೋಡಿದೆ" ಎಂದರು ಅತ್ತೆ.

ಕರಿ ಕಂಬಳಿ ಬೆಳ್ಳಗೆ! ಬಿದ್ದು ಬಿದ್ದು ನಗುವುದು ಎಂದರೆ ಏನೆಂದು ಅವತ್ತು ನೋಡಿದೆ. ಹುಕ್ಕೇರಿಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಸೋದರತ್ತೆ ಕಣ್ಣು ಒರೆಸಿಕೊಂಡರು. "ಕುರಬರ ಮುದುಕಿ ಕಂಬಳಿ ಬೆಳ್ಳಗ ಮಾಡಾಕ ಹೋಗಿದ್ಲಂತ!" ಎಂದು ಹಿಂದಿದ್ದವರಿಗೆ ಮುಂದಿದ್ದವರು ದಾಟಿಸಿದರು. ಅತ್ತೆ ನಡುವೆ ಕುಳಿತು ತಾವೂ ನಗುತ್ತಿದ್ದರು. ಊರಲ್ಲಿ ಎಲ್ಲರೂ ಬುದ್ಧಿ ಕೇಳಲು ಬರುವ ಹೆಂಗಸು, ಬೀಗರ ಮುಂದೆ ತಮ್ಮನ್ನು ತಾವೇ ಹುಚ್ಚಿ ಮಾಡಿಕೊಂಡು ಕುಳಿತಿದ್ದರು. ನಾನು ಹೊತ್ತುಕೊಂಡ ಸುಳ್ಳನ್ನು ನನ್ನ ತಲೆಯಿಂದ ಇಳಿಸಿ, ಮೊಮ್ಮಗಳಿಗೆ ತಾಗದ ಹಾಗೆ ತಮ್ಮ ತಲೆಗೆ ಏರಿಸಿಕೊಂಡಿದ್ದರು.

ಮಗಳೂ ನಕ್ಕಳು. ಸುಲಿದ ಅಂಗೈಯಿಂದ ಅಜ್ಜಿ ಒಂದು ಕೆನ್ನೆಗೆ ಅರಿಷಿಣ ಹಚ್ಚುವಾಗ, ಅವಳು ಕುಳಿತಿದ್ದ ಕಂಬಳಿಯ ಅಂಚನ್ನು ಎತ್ತಿ ಮೂಗಿಗೆ ಹಿಡಿದಳು.

"ಇದಕ್ಕ ಏನೂ ವಾಸನಿ ಇಲ್ಲ, ಆಯಿ" ಎಂದಳು. ನಗು ಹೋಗಿತ್ತು. "ಸಣ್ಣಾಕಿದ್ದಾಗ ನಿನ್ನ ಕಂಬಳಿ ವಾಸನಿ ಇಲ್ಲದ ನನಗ ನಿದ್ದೀನ ಬರ್ತಿದ್ದಿಲ್ಲ. ಹುಕ್ಕೇರಿಗೆ ಒಯ್ಯಬೇಕಂತ ಮಾಡಿದ್ದೆ."

ಅತ್ತೆಯ ಕೈ ಅವಳ ಕೆನ್ನೆಯ ಮೇಲೆಯೇ ನಿಂತಿತು. ಒಂದು ಕ್ಷಣ ಅವರು ಎಲ್ಲಿದ್ದೇನೆ ಎಂಬುದನ್ನೇ ಮರೆತವರ ಹಾಗೆ ಕಂಡರು. ಆಮೇಲೆ ಬಟ್ಟಲಿಂದ ಮತ್ತಷ್ಟು ಅರಿಷಿಣ ತೆಗೆದುಕೊಂಡು, "ಅಳ್ಳಾಡಬ್ಯಾಡ, ನೆಟ್ಟಗ ಕುಂದರ" ಎಂದು ಹೇಳಿ ಇನ್ನೊಂದು ಕೆನ್ನೆಗೆ ಹಚ್ಚಿದರು.

ಅವರು ಅಳಲಿಲ್ಲ. ನನಗೆ ತಡೆಯಲಾಗಲಿಲ್ಲ, ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಸೋದರತ್ತೆ ಬಳಿ ಬಂದು ನನ್ನ ಬೆನ್ನು ಸವರಿದರು.

"ಅಳಬ್ಯಾಡ ಯವ್ವಾ" ಎಂದರು. "ಹುಕ್ಕೇರಿ ಏನ ದೂರ ಐತಿ?"